ಗಾಡಿ ನಿಮ್ಮ ಹೆಸರಲ್ಲಿದೆಯೇ? ಕೋರ್ಟಿನ ಕಾಗದ ಬಂದರೆ ಏನು ಮಾಡಬೇಕು?



ನಮ್ಮ ದಾವಣಗೆರೆ, ಹರಿಹರದ ಕಡೆ ಈಗ ಬಹಳ ಮನೆಗಳಲ್ಲಿ ಒಂದಾದರೂ ಗಾಡಿ ಇದೆ. ಒಬ್ಬರ ಮನೆಯಲ್ಲಿ ಸ್ಕೂಟಿ. ಇನ್ನೊಬ್ಬರ ಮನೆಯಲ್ಲಿ ಬೈಕು. ಮತ್ತೊಬ್ಬರ ಮನೆಯಲ್ಲಿ ಆಟೋ. ಸಂಘದಲ್ಲಿ ಸಾಲ ಎತ್ತಿ ಹೆಂಗಸರ ಹೆಸರಲ್ಲೇ ಗಾಡಿ ತೆಗೆದವರೂ ಇದ್ದಾರೆ. ಕಂತು ಕಟ್ಟೋದು ನೀವು. ಓಡಿಸೋದು ಮಗ, ಗಂಡ, ಇಲ್ಲವೇ ತಮ್ಮ. ಆದರೆ ಆರ್.ಸಿ. ಕಾಗದದಲ್ಲಿ ಇರೋ ಹೆಸರು ನಿಮ್ಮದು.

ಒಂದು ದಿನ ಮನೆಗೆ ಒಂದು ಕಾಗದ ಬರುತ್ತದೆ. ಅದು ಪೊಲೀಸರ ದಂಡದ ನೋಟಿಸ್ ಇರಬಹುದು. ಕೋರ್ಟಿನ ಸಮನ್ಸ್ ಕೂಡ ಇರಬಹುದು. ಎರಡೂ ಬೇರೆ ಬೇರೆ. ಒಂದಕ್ಕೆ ವಕೀಲರು ಬೇಕಾಗಿಲ್ಲ. ಇನ್ನೊಂದಕ್ಕೆ ವಕೀಲರಿಲ್ಲದೆ ಹೋಗಲೇಬಾರದು. ಈ ವ್ಯತ್ಯಾಸ ಗೊತ್ತಿಲ್ಲದೆ ಕೆಲವರು ಐನೂರು ರೂಪಾಯಿ ದಂಡಕ್ಕೆ ಎರಡು ಸಾವಿರ ಖರ್ಚು ಮಾಡುತ್ತಾರೆ. ಇನ್ನು ಕೆಲವರು ದೊಡ್ಡ ಕೇಸಿನಲ್ಲಿ ಯಾರನ್ನೂ ಕೇಳದೆ "ತಪ್ಪಾಯ್ತು ಸ್ವಾಮಿ" ಅಂತ ಒಪ್ಪಿಕೊಂಡು ಬರುತ್ತಾರೆ. ನಾವು ಮೇಷ್ಟ್ರ ಕೆಲಸ ಮಾಡುವವರು, ವಕೀಲರಲ್ಲ. ಆದರೂ ಕಾಗದ ಓದಿ ಯಾರ ಹತ್ತಿರ ಹೋಗಬೇಕು ಅನ್ನೋದನ್ನು ಹೇಳಬಲ್ಲೆವು.

ಮೊದಲು ಕಾಗದ ಓದಿ. ನೀವೀಗ ಓದಲು ಕಲಿತಿದ್ದೀರಿ. ಬೇರೆಯವರ ಕೈಗೆ ಕೊಡುವ ಮುಂಚೆ ನೀವೇ ಒಂದು ಸಲ ನೋಡಿ. ಹೆಸರು ನಿಮ್ಮದೇ ತಾನೆ? ಗಾಡಿಯ ನಂಬರು ಸರಿ ಇದೆಯಾ? ನಮ್ಮ ಜಿಲ್ಲೆಯಲ್ಲಿ ನೋಂದಣಿ ಆದ ಗಾಡಿಗಳ ನಂಬರು ಕೆಎ 17 ಅಂತ ಶುರುವಾಗುತ್ತದೆ. ಉಳಿದ ಅಕ್ಷರ, ಅಂಕಿಗಳನ್ನು ನಿಮ್ಮ ಆರ್.ಸಿ. ಜೊತೆ ಇಟ್ಟು ನೋಡಿ. ಈಗ ಸರ್ಕಲ್‌ಗಳಲ್ಲಿ ಕ್ಯಾಮೆರಾ ಇಟ್ಟಿದ್ದಾರೆ. ಕ್ಯಾಮೆರಾ ಒಮ್ಮೊಮ್ಮೆ 3 ಅನ್ನು 8 ಅಂತ ಓದಬಹುದು. ಆಗ ಯಾರದೋ ತಪ್ಪಿಗೆ ನಿಮಗೆ ದಂಡ ಬೀಳುತ್ತದೆ. ನೋಟಿಸಿನಲ್ಲಿ ಫೋಟೋ ಇದ್ದರೆ ಅದು ನಿಮ್ಮ ಗಾಡಿಯೇ ಅಂತ ನೋಡಿ. ಅಲ್ಲದಿದ್ದರೆ ಆರ್.ಸಿ. ಹಿಡಿದು ಸಂಚಾರ ಪೊಲೀಸ್ ಠಾಣೆಗೆ ಹೋಗಿ, ಬರವಣಿಗೆಯಲ್ಲಿ ಅರ್ಜಿ ಕೊಡಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಠಾಣೆಯ ಸೀಲು ಹಾಕಿಸಿಕೊಳ್ಳಿ.

ಕಾಗದದಲ್ಲಿ 'ಕಲಂ' ಅಂತ ಒಂದು ಮಾತು ಇರುತ್ತದೆ. ಕಲಂ ಅಂದರೆ ಕಾನೂನಿನ ಯಾವ ನಂಬರಿನ ಕೆಳಗೆ ಕೇಸು ಹಾಕಿದ್ದಾರೆ ಅಂತ. ಈ ನಂಬರಿಗೆ ಒಂದು ಗೆರೆ ಎಳೆಯಿರಿ. ವಕೀಲರು ಮೊದಲು ಕೇಳೋದು ಅದನ್ನೇ.

ಹೆಲ್ಮೆಟ್ ಇಲ್ಲ, ಸಿಗ್ನಲ್ ಹಾರಿದ್ದು, ಮೂವರು ಕೂತಿದ್ದು, ಇಂಥವು ಸಣ್ಣ ಕೇಸು. ತಪ್ಪು ನಿಜವಾಗಿದ್ದರೆ ದಂಡ ಕಟ್ಟಿ, ರಸೀತಿ ತೆಗೆದುಕೊಳ್ಳಿ. ಅಲ್ಲಿಗೆ ಮುಗಿಯಿತು. ರಸೀತಿ ಇಲ್ಲದೆ ಯಾರ ಕೈಗೂ ದುಡ್ಡು ಕೊಡಬೇಡಿ. ಕಟ್ಟದೆ ಬಿಟ್ಟರೆ ಕೇಸು ಕೋರ್ಟಿಗೆ ಹೋಗಬಹುದು. 2023ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತ್ತು. 2025ರಲ್ಲೂ ಕೊಟ್ಟಿತು. ಅದನ್ನೇ ನಂಬಿ ಕೂರುವುದು ಬೇಡ. ಮತ್ತೆ ಯಾವಾಗ ಕೊಡುತ್ತಾರೋ ಹೇಳಲಾಗದು. ಇನ್ನೊಂದು ಮಾತು. ಮೊಬೈಲಿಗೆ "ನಿಮ್ಮ ಗಾಡಿಗೆ ದಂಡ ಬಿದ್ದಿದೆ, ಇದನ್ನು ಒತ್ತಿ" ಅಂತ ಬಂದರೆ ಒತ್ತಬೇಡಿ. ಹಾಗೆ ಒತ್ತಿ ಬ್ಯಾಂಕಿನ ದುಡ್ಡು ಕಳೆದುಕೊಂಡವರಿದ್ದಾರೆ. ಠಾಣೆಗೆ ಹೋಗಿ ಕೇಳಿದರೆ ಬಾಕಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಕುಡಿದು ಓಡಿಸಿದ್ದು ಮಾತ್ರ ಸಣ್ಣ ಕೇಸಲ್ಲ. ಅದಕ್ಕೆ ರಸ್ತೆಯಲ್ಲೇ ದಂಡ ಕಟ್ಟಿ ಬಿಡಿಸಿಕೊಳ್ಳಲು ಬರುವುದಿಲ್ಲ. ಕೋರ್ಟಿಗೇ ಹೋಗಬೇಕು. ಮೊದಲ ಸಲಕ್ಕೇ 10 ಸಾವಿರ ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ಈಗ ದೊಡ್ಡ ಕೇಸಿಗೆ ಬರೋಣ. ಅಜಾಗರೂಕತೆಯಿಂದ ಗಾಡಿ ಓಡಿಸಿದ ಕೇಸು. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರಸ್ತೆ ನಮಗೆಲ್ಲ ಗೊತ್ತು. ಲಾರಿ, ಬಸ್ಸು, ಆಟೋ, ಎತ್ತಿನ ಗಾಡಿ ಎಲ್ಲ ಒಂದೇ ರಸ್ತೆಯಲ್ಲಿ. ನಿಮ್ಮ ಮಗ ಬೈಕಿನಲ್ಲಿ ಬರುತ್ತಾ ಯಾರಿಗೋ ತಾಗಿಸಿದ ಅಂದುಕೊಳ್ಳಿ. ಪೊಲೀಸರು ದೂರು ಬರೆದುಕೊಳ್ಳುತ್ತಾರೆ. ಜಾಗಕ್ಕೆ ಹೋಗಿ ಮಹಜರು ಮಾಡುತ್ತಾರೆ, ನಕ್ಷೆ ಬರೆಯುತ್ತಾರೆ. ಗಾಡಿಯನ್ನು ಠಾಣೆಗೆ ತರುತ್ತಾರೆ. ಬ್ರೇಕ್ ಇನ್ಸ್‌ಪೆಕ್ಟರ್ ಬಂದು ಬ್ರೇಕು ಸರಿ ಇತ್ತಾ, ಎಲ್ಲಿ ನುಗ್ಗಾಗಿದೆ ಅಂತ ನೋಡಿ ವರದಿ ಕೊಡುತ್ತಾರೆ. ಆಮೇಲೆ ಚಾರ್ಜ್‌ಶೀಟು ಕೋರ್ಟಿಗೆ ಹೋಗುತ್ತದೆ.

ಈ ಕೇಸಿಗೆ ಮುಂಚೆ ಐ.ಪಿ.ಸಿ. ಕಲಂ 279 ಅಂತಿದ್ದರು. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಅದರ ಹೆಸರು ಭಾರತೀಯ ನ್ಯಾಯ ಸಂಹಿತೆ. ಚಿಕ್ಕದಾಗಿ ಬಿ.ಎನ್.ಎಸ್. ಅದರಲ್ಲಿ ಇದು ಕಲಂ 281. ಶಿಕ್ಷೆ 6 ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಯಾರಾದರೂ ಸತ್ತರೆ ಕಲಂ 106 ಬೀಳುತ್ತದೆ. ಅದಕ್ಕೆ 5 ವರ್ಷದವರೆಗೆ ಜೈಲು ಆಗಬಹುದು. ಇವು ಜಾಮೀನು ಸಿಗುವ ಕೇಸುಗಳು. ಠಾಣೆಯಲ್ಲೇ ಜಾಮೀನು ಕೇಳುವ ಹಕ್ಕು ಇದೆ. ಅದಕ್ಕಾಗಿ ತಾಳಿ ಸರ ಒತ್ತೆ ಇಟ್ಟು ಯಾರಿಗೂ ಲಂಚ ಕೊಡಬೇಕಾಗಿಲ್ಲ.

ಇಂಥ ಕೇಸಿನಲ್ಲಿ ಬಹಳ ಜನ ಏನು ಮಾಡುತ್ತಾರೆ? "ಸಾವಿರ ರೂಪಾಯಿ ದಂಡ ತಾನೆ, ಒಪ್ಪಿಕೊಂಡು ಕಟ್ಟಿಬಿಡು, ಓಡಾಟ ತಪ್ಪುತ್ತೆ" ಅಂತ ಪಕ್ಕದವರು ಹೇಳುತ್ತಾರೆ. ಅದು ಅಷ್ಟು ಸುಲಭ ಅಲ್ಲ. ತಪ್ಪು ಒಪ್ಪಿಕೊಂಡರೆ ಕೋರ್ಟಿನ ದಾಖಲೆಯಲ್ಲಿ ಅಪರಾಧಿ ಅಂತ ಬರೆಯುತ್ತಾರೆ. ಹುಡುಗ ನಾಳೆ ಡ್ರೈವರ್ ಕೆಲಸಕ್ಕೋ ಸರ್ಕಾರಿ ಕೆಲಸಕ್ಕೋ ಹೋದರೆ ಅದು ಅಡ್ಡ ಬರಬಹುದು. ಗಾಯ ಆದವರು ಪರಿಹಾರದ ಕೇಸು ಹಾಕಿದಾಗ ಅಲ್ಲಿಯೂ ಆ ಒಪ್ಪಿಗೆಯನ್ನು ಎತ್ತಿ ತೋರಿಸುತ್ತಾರೆ. ತಪ್ಪು ಮಾಡಿದ್ದರೆ ಒಪ್ಪಿಕೊಳ್ಳೋದು ಒಳ್ಳೆಯದೇ. ಆದರೆ ಒಪ್ಪಿಕೊಂಡರೆ ಏನಾಗುತ್ತೆ ಅಂತ ವಕೀಲರನ್ನು ಕೇಳಿಕೊಂಡು ಒಪ್ಪಿಕೊಳ್ಳಿ.

ವಕೀಲರು ಏನು ಮಾಡುತ್ತಾರೆ? ನಕ್ಷೆ, ವರದಿ, ಸಾಕ್ಷಿಯ ಮಾತು ಒಂದಕ್ಕೊಂದು ಕೂಡುತ್ತದಾ ಅಂತ ನೋಡುತ್ತಾರೆ. "ಗಾಡಿ ಜೋರಾಗಿ ಬಂತು" ಅಂತ ಸಾಕ್ಷಿ ಹೇಳಿದರೆ, ಜೋರು ಅಂದರೆ ಎಷ್ಟು, ನೀವು ಎಲ್ಲಿ ನಿಂತಿದ್ದಿರಿ ಅಂತ ಕೇಳುತ್ತಾರೆ. ನಮ್ಮ ಕರ್ನಾಟಕದ್ದೇ ಒಂದು ಕೇಸು ಇದೆ. 1982ರಲ್ಲಿ ಒಂದು ಲಾರಿ ಮಗುಚಿ 15 ಜನ ಸತ್ತರು. ಕೆಳಗಿನ ಕೋರ್ಟು ಡ್ರೈವರಿಗೆ ಶಿಕ್ಷೆ ಕೊಟ್ಟಿತು. ಹೈಕೋರ್ಟು ಬಿಡುಗಡೆ ಮಾಡಿತು. ಸರ್ಕಾರ ದೆಹಲಿಯ ಸುಪ್ರೀಂ ಕೋರ್ಟಿಗೆ ಹೋಯಿತು. 1998ರಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಮಾತನ್ನೇ ಎತ್ತಿ ಹಿಡಿಯಿತು. ಜೋರಾಗಿ ಓಡಿಸಿದ ಅಂದ ಮಾತ್ರಕ್ಕೆ ಅಜಾಗರೂಕತೆ ಆಗುವುದಿಲ್ಲ, ಅದನ್ನು ಸಾಕ್ಷಿಯಿಂದ ತೋರಿಸಬೇಕು ಅಂತ ಹೇಳಿತು. 15 ಜನ ಸತ್ತ ಮನೆಗಳ ದುಃಖ ಸಣ್ಣದಲ್ಲ. ಆದರೂ ತಪ್ಪು ಯಾರದು ಅಂತ ಕೋರ್ಟು ಸಾಕ್ಷಿ ನೋಡಿಯೇ ಹೇಳಬೇಕು. ಆ ಮಾತನ್ನು ಕೋರ್ಟಿನ ಮುಂದೆ ಎತ್ತಲು ವಕೀಲರು ಬೇಕು.

ಇನ್ನು ನಿಮ್ಮ ಮೇಲೇ ನೇರವಾಗಿ ಬರುವ ಕೇಸು ಒಂದಿದೆ. ಇದನ್ನು ಎರಡು ಸಲ ಓದಿ. 18 ವರ್ಷ ತುಂಬದ ಹುಡುಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಕೇಸು ತಂದೆತಾಯಿಯ ಮೇಲೆ, ಇಲ್ಲವೇ ಗಾಡಿಯ ಮಾಲೀಕರ ಮೇಲೆ. 2019ರಲ್ಲಿ ಮೋಟಾರು ವಾಹನ ಕಾನೂನಿಗೆ ಕಲಂ 199ಎ ಅಂತ ಸೇರಿಸಿದರು. ಅದರ ಪ್ರಕಾರ 25 ಸಾವಿರ ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ನಮ್ಮ ರಾಜ್ಯದ ಕೋರ್ಟುಗಳು ತಾಯಂದಿರಿಗೂ 25 ಸಾವಿರ ದಂಡ ಹಾಕಿವೆ. "16 ವರ್ಷಕ್ಕೆ ಗೇರಿಲ್ಲದ ಸ್ಕೂಟಿ ಓಡಿಸಬಹುದಂತೆ" ಅಂತ ಜನ ಹೇಳುತ್ತಾರೆ. ಅದು 50 ಸಿ.ಸಿ. ಒಳಗಿನ ಗಾಡಿಗೆ ಮಾತ್ರ, ಅದೂ ಲೈಸೆನ್ಸ್ ಇದ್ದರೆ. ನಮ್ಮ ಮನೆಗಳಲ್ಲಿ ಇರುವ ಪೆಟ್ರೋಲ್ ಸ್ಕೂಟಿಗಳು 50 ಸಿ.ಸಿ. ದಾಟಿದವು.

ಇಲ್ಲಿ ತಾಯಿಗೆ ಒಂದು ದಾರಿ ಇದೆ. ತನಗೆ ತಿಳಿಯದೆ ಹುಡುಗ ಗಾಡಿ ಒಯ್ದ, ತಾನು ತಡೆಯಲು ಮಾಡಬೇಕಾದ್ದೆಲ್ಲ ಮಾಡಿದ್ದೆ ಅಂತ ತೋರಿಸಿದರೆ ಶಿಕ್ಷೆ ತಪ್ಪುತ್ತದೆ. ಆದರೆ ಅದನ್ನು ತೋರಿಸುವ ಹೊಣೆ ತಾಯಿಯದೇ. ಕೋರ್ಟಿನಲ್ಲಿ ಬರೀ ಬಾಯಿ ಮಾತು ಸಾಲದು. ಇಲ್ಲಿ ವಕೀಲರು ಬೇಕೇ ಬೇಕು.

ಆಗ ಕೆಲವರು ಇನ್ನೊಂದು ಬುದ್ಧಿ ಹೇಳುತ್ತಾರೆ. "ಲೈಸೆನ್ಸ್ ಇರೋ ಚಿಕ್ಕಪ್ಪನ ಮಗನ ಹೆಸರು ಕೊಟ್ಟುಬಿಡಿ." ಬೇಡ. ಗಾಡಿ ಯಾರು ಓಡಿಸುತ್ತಿದ್ದರು ಅಂತ ಪೊಲೀಸರು ಕೇಳಿದರೆ ಮಾಲೀಕರು ನಿಜ ಹೇಳಬೇಕು ಅಂತ ಕಾನೂನು ಇದೆ. ಸುಳ್ಳು ಹೇಳಿದರೆ ಅದೇ ಇನ್ನೊಂದು ಕೇಸು. ಈಗ ಕ್ಯಾಮೆರಾ ಬೇರೆ ಇವೆ.

ಗಾಡಿ ಮಾರಿದವರಿಗೂ ಒಂದು ಮಾತು. ದುಡ್ಡು ಬಂತು, ಗಾಡಿ ಹೋಯಿತು ಅಂತ ಸುಮ್ಮನಿರಬೇಡಿ. ಆರ್.ಟಿ.ಓ. ಕಚೇರಿಯಲ್ಲಿ ಹೆಸರು ಬದಲಾಗುವವರೆಗೂ ಕಾನೂನಿನ ಲೆಕ್ಕದಲ್ಲಿ ಮಾಲೀಕರು ನೀವೇ. ಅಪಘಾತದ ಪರಿಹಾರವೂ ನಿಮ್ಮ ತಲೆಗೇ ಬರಬಹುದು. ವಿಮೆ ತಪ್ಪಿಸಿದವರಿಗೂ ಇದೇ ಗತಿ. ಓಡಿಸಿದವನಿಗೆ ಲೈಸೆನ್ಸ್ ಇಲ್ಲದಿದ್ದರೆ, ವಿಮೆ ಕಂಪನಿ ಕೊಟ್ಟ ಹಣವನ್ನು ಮಾಲೀಕರಿಂದ ವಸೂಲಿ ಮಾಡಬಹುದು.

"ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ" ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ವಕೀಲರ ಫೀಜಿನ ಭಯ ಅದು. ಆ ಭಯ ಸುಳ್ಳಲ್ಲ. ಆದರೆ ಹೆಂಗಸರಿಗೆ ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಇದು ದಯೆ ಅಲ್ಲ, ಕಾನೂನು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರ 12ನೇ ಕಲಂ ಪ್ರಕಾರ ಯಾವ ಹೆಂಗಸಾದರೂ ಅರ್ಜಿ ಹಾಕಬಹುದು. ಬಡವಿಯೇ ಆಗಬೇಕಿಲ್ಲ. ಆದಾಯ ಸರ್ಟಿಫಿಕೇಟ್ ಕೇಳುವಂತಿಲ್ಲ. ಆದರೆ ಕೇಸು ನಿಮ್ಮದಾಗಿರಬೇಕು. ಮಗನ ಮೇಲೆ ಕೇಸಿದ್ದರೆ ಅವನ ಲೆಕ್ಕ ಬೇರೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಅಂಗವಿಕಲರಿಗೆ, ಬಂಧನದಲ್ಲಿ ಇರುವವರಿಗೆ, ಆದಾಯ ಕಡಿಮೆ ಇರುವವರಿಗೆ ಸಿಗುತ್ತದೆ.

ದಾವಣಗೆರೆಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಹರಿಹರದವರು ಅಲ್ಲಿಯವರೆಗೆ ಬಸ್ ಚಾರ್ಜು ಕೊಟ್ಟು ಹೋಗಬೇಕಾಗಿಲ್ಲ. ಹರಿಹರದ ಕೋರ್ಟಿನಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ. ಕೋರ್ಟಿನ ಬಾಗಿಲಲ್ಲಿ "ಕಾನೂನು ಸೇವೆ ಕಚೇರಿ ಎಲ್ಲಿ?" ಅಂತ ಕೇಳಿ. ಫೋನು ಮಾಡುವುದಾದರೆ ನಂಬರು 15100. ಅರ್ಜಿ ಬರೆಯಲು ಬರದಿದ್ದರೆ ಅವರೇ ಬರೆದುಕೊಳ್ಳುತ್ತಾರೆ. ನೀವಂತೂ ಬರೆಯಲು ಕಲಿತಿದ್ದೀರಿ, ನೀವೇ ಬರೆಯಿರಿ. ಅವರು ಕೊಟ್ಟ ವಕೀಲರು ಫೀಜು ಕೇಳಬಾರದು. ಕೇಳಿದರೆ ಅದೇ ಕಚೇರಿಯಲ್ಲಿ ದೂರು ಕೊಡಿ.

ಸ್ವಂತ ದುಡ್ಡಿನಲ್ಲಿ ವಕೀಲರನ್ನು ಇಟ್ಟುಕೊಳ್ಳುವುದೂ ನಿಮ್ಮ ಇಷ್ಟ. ಆಗ ಕೋರ್ಟಿನ ಗೇಟಿನಲ್ಲಿ ಕೈ ಹಿಡಿದು ಕರೆದುಕೊಂಡು ಹೋಗುವ ದಲ್ಲಾಳಿಯ ಹಿಂದೆ ಹೋಗಬೇಡಿ. ವಕೀಲರ ಆಫೀಸಿಗೆ ನೀವೇ ಹೋಗಿ. ಒಟ್ಟು ಫೀಜು ಎಷ್ಟು, ಪ್ರತಿ ವಾಯಿದೆಗೆ ಬೇರೆ ಕೊಡಬೇಕಾ ಅಂತ ಮೊದಲೇ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ನಾಚಬೇಡಿ. ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವವರು ನಾವು, ಇಲ್ಲೇಕೆ ಸುಮ್ಮನಿರಬೇಕು? ಪರಿಹಾರದ ಹಣದಲ್ಲಿ ಪಾಲು ಕೊಡಿ ಅಂತ ವಕೀಲರು ಕೇಳುವಂತಿಲ್ಲ. ವಕೀಲರ ಪರಿಷತ್ತಿನ ನಿಯಮದಲ್ಲೇ ಅದಕ್ಕೆ ನಿಷೇಧ ಇದೆ.

ವಕೀಲರು ನಿಮ್ಮಿಂದ ವಕಾಲತ್ತು ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ನಿಮ್ಮ ಪರವಾಗಿ ಮಾತಾಡಲು ನೀವು ಕೊಡುವ ಅಧಿಕಾರ ಅದು. ಅದರಲ್ಲಿ ನಿಮ್ಮ ಹೆಸರು, ವಕೀಲರ ಹೆಸರು ಓದಿ, ಆಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ ಸಹಿ ಹಾಕಲೇಬೇಡಿ. ಹೆಬ್ಬೆಟ್ಟನ್ನೂ ಒತ್ತಬೇಡಿ. ಠಾಣೆಯಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ ಇದೇ ಮಾತು.

ನಿಮ್ಮ ಮನೆಯವರಿಗೇ ಯಾರದೋ ಗಾಡಿ ಗುದ್ದಿ ಗಾಯ ಆಗಿದ್ದರೆ ನೀವು ಪರಿಹಾರ ಕೇಳುವವರು. ಆ ಅರ್ಜಿಯನ್ನು 6 ತಿಂಗಳ ಒಳಗೆ ಹಾಕಬೇಕು ಅಂತ ಕಾನೂನಿನಲ್ಲಿದೆ. ತಡ ಮಾಡದೆ ಇದೇ ಕಾನೂನು ಸೇವೆ ಕಚೇರಿಗೆ ಹೋಗಿ. ಅದರ ವಿಚಾರ ದೊಡ್ಡದು, ಇಲ್ಲಿ ಇಷ್ಟೇ ಸಾಕು.

ಸಮನ್ಸಿನಲ್ಲಿ ಬರೆದ ತಾರೀಖನ್ನು ಮಾತ್ರ ತಪ್ಪಿಸಬೇಡಿ. ತಪ್ಪಿಸಿದರೆ ವಾರಂಟು ಬರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಗುರುತು ಹಾಕಿ. ಕೋರ್ಟು ಬೆಳಿಗ್ಗೆ 11 ಗಂಟೆಗೆ ಶುರುವಾಗುತ್ತದೆ. ಅರ್ಧ ಗಂಟೆ ಮೊದಲೇ ಇರಿ. ಆರ್.ಸಿ., ವಿಮೆ, ಲೈಸೆನ್ಸ್, ಆಧಾರ್, ಸಮನ್ಸ್ ಇವುಗಳ ಜೆರಾಕ್ಸ್ ಒಂದು ಚೀಲದಲ್ಲಿ, ಅಸಲು ಇನ್ನೊಂದು ಚೀಲದಲ್ಲಿ. ಜವಾನರು ಹೆಸರು ಕೂಗಿದಾಗ ಒಳಗೆ ಹೋಗಿ ನಿಲ್ಲಿ. ವಕೀಲರು ಇನ್ನೂ ಸಿಕ್ಕಿಲ್ಲದಿದ್ದರೆ, "ಸ್ವಾಮಿ, ನನಗೆ ವಕೀಲರಿಲ್ಲ, ಕಾನೂನು ಸೇವೆಯಿಂದ ಕೊಡಿಸಿ, ಸಮಯ ಕೊಡಿ" ಅಂತ ನ್ಯಾಯಾಧೀಶರಿಗೆ ನೀವೇ ಹೇಳಬಹುದು. ಹೊರಗೆ ಬರುವಾಗ ಕೇಸಿನ ನಂಬರು, ಮುಂದಿನ ವಾಯಿದೆಯ ತಾರೀಖು ಎರಡನ್ನೂ ನಿಮ್ಮ ಕೈಯಾರೆ ಬರೆದುಕೊಂಡು ಬನ್ನಿ.