100 ವ್ಯಾಟ್ ಅಂತಾರೆ, ನಿಜವಾಗಿ ಎಷ್ಟು? ಅಗ್ಗದ ಸ್ಪೀಕರ್ ಕಂಪನಿಯನ್ನ ಅಳೆಯೋದು ಹೀಗೆ

ಬೀರೂರಿಂದ ಮಾತಾಡ್ತಿದ್ದೀನಿ. "ಮೂರು ಸಾವಿರದೊಳಗೆ ಯಾವ ಸ್ಪೀಕರ್ ತಗೊಳ್ಳೋಣ?" ಅಂತ ತುಂಬಾ ಜನ ಕೇಳ್ತಿದ್ದೀರ. ಇವತ್ತು ನಾನು ಮಾಡೆಲ್ ಹೆಸರು ಹೇಳಲ್ಲ. ಆರು ತಿಂಗಳು ಕಳೆದ್ರೆ ಆ ಮಾಡೆಲ್ಲೇ ಮಾರ್ಕೆಟ್‌ನಲ್ಲಿ ಇರಲ್ಲ. ಬದಲಿಗೆ, ಕಂಪನಿ ಹೇಳೋ ಮಾತನ್ನ ನೀವೇ ಪರೀಕ್ಷೆ ಮಾಡೋದು ಹೇಗೆ ಅಂತ ಹೇಳ್ತೀನಿ. ಇದನ್ನ ನಾನು ಕಲಿತಿದ್ದು ದುಡ್ಡು ಕಳ್ಕೊಂಡು.

ನಮ್ಮಜ್ಜಿಗೆ ಎಂಬತ್ತರ ಹತ್ತಿರ ವಯಸ್ಸು. ಟೀವೀಲಿ ಅಡಿಕೆ ಧಾರಣೆ ಬಂದಾಗೆಲ್ಲ "ಎಷ್ಟಂದ್ನೋ?" ಅಂತ ನನ್ನ ಕೇಳೋರು. ಎರಡು ವರ್ಷದ ಹಿಂದೆ 2,999 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಒಂದು ಸೌಂಡ್‌ಬಾರ್ ತರಿಸ್ದೆ. ಬಾಕ್ಸ್ ಮೇಲೆ ದೊಡ್ಡಕ್ಷರದಲ್ಲಿ 100 ವ್ಯಾಟ್ ಅಂತ ಇತ್ತು. ಹಾಡು ಹಾಕಿದ್ರೆ ಕಿಟಕಿ ಗಾಜು ಅದುರ್ತಿತ್ತು. ಆದ್ರೆ ಅಜ್ಜಿಗೆ ಧಾರಣೆ ಮಾತ್ರ ಕೇಳಿಸ್ತಿರ್ಲಿಲ್ಲ. ಸ್ವಲ್ಪ ದಿನಕ್ಕೆ ಕೇಳೋದನ್ನೇ ಬಿಟ್ರು. "ಹೋಗ್ಲಿ ಬಿಡೋ, ಪದೇ ಪದೇ ಕೇಳಿದ್ರೆ ನಿಂಗೂ ಬೇಜಾರು" ಅಂದ್ರು. ಆವತ್ತು ನಂಗೆ ನಾಚಿಕೆ ಆಯ್ತು.

ಅಡಾಪ್ಟರ್ ಓದಿ

ಬಾಕ್ಸ್ ಬಿಟ್ಟು ಅಡಾಪ್ಟರ್ ತಿರುಗಿಸಿ ನೋಡ್ದೆ. ಔಟ್‌ಪುಟ್ 12 ವೋಲ್ಟ್, 2 ಆಂಪಿಯರ್. ಎರಡನ್ನೂ ಗುಣಿಸಿದ್ರೆ 24 ವ್ಯಾಟ್. ಒಳಗೆ ಬರೋದೇ 24 ಅಂದ್ಮೇಲೆ ಒಂದೇ ಸಮ 100 ಹೊರಗೆ ಬರೋದಾದ್ರೂ ಹೇಗೆ? ಬಾಕ್ಸ್‌ನಲ್ಲಿ 'ಪಿಎಂಪಿಒ' ಅಂತಿದ್ರೆ ಅದು ಕ್ಷಣಮಾತ್ರದ ಗರಿಷ್ಠ ಲೆಕ್ಕ. ಅದನ್ನ ಅಳೆಯೋಕೆ ಎಲ್ಲರೂ ಒಪ್ಪಿದ ವಿಧಾನ ಅಂತ ಇಲ್ಲ. 'ಆರ್‌ಎಂಎಸ್' ಅಂತ ಇರೋ ಅಂಕಿಯನ್ನ ಮಾತ್ರ ನೋಡಿ, ಅದನ್ನೂ ಅಡಾಪ್ಟರ್ ಜೊತೆ ತಾಳೆ ಹಾಕಿ. ಬ್ಯಾಟರಿ ಇರೋ ಬ್ಲೂಟೂತ್ ಸ್ಪೀಕರ್‌ಗೆ ಈ ಲೆಕ್ಕ ನೇರವಾಗಿ ಹೊಂದಲ್ಲ, ಅಲ್ಲಿ ಕರೆಂಟ್ ಕೊಡೋದು ಬ್ಯಾಟರಿ.

ಇನ್ನೊಂದು ವಿಷಯ. ವ್ಯಾಟ್ ಡಬಲ್ ಆದ್ರೆ ಸದ್ದು ಡಬಲ್ ಆಗಲ್ಲ, 3 ಡೆಸಿಬಲ್ ಅಷ್ಟೇ ಜಾಸ್ತಿ ಆಗುತ್ತೆ. ಕಿವಿಗೆ ಎರಡರಷ್ಟು ಅನ್ನಿಸ್ಬೇಕಾದ್ರೆ ಹೆಚ್ಚುಕಮ್ಮಿ ಹತ್ತು ಪಟ್ಟು ಪವರ್ ಬೇಕು. ಹಾಗಾಗಿ 20 ವ್ಯಾಟ್‌ಗೂ 30 ವ್ಯಾಟ್‌ಗೂ ಸಾವಿರ ರೂಪಾಯಿ ವ್ಯತ್ಯಾಸ ಇದ್ರೆ ಯೋಚನೆ ಮಾಡಿ.

ಬಾಸ್ ಇದೆ, ಮಾತಿಲ್ಲ

ನಮ್ಮ ಬೀರೂರು ಜಂಕ್ಷನ್‌ಗೆ ಬನ್ನಿ. ಬೆಂಗಳೂರು–ಹುಬ್ಬಳ್ಳಿ ಲೈನ್‌ನಿಂದ ಶಿವಮೊಗ್ಗಕ್ಕೆ ಹೋಗೋ ಹಳಿ ಕವಲಾಗೋದು ಇಲ್ಲೇ. ಯಾವ ರೈಲು ಯಾವ ಪ್ಲಾಟ್‌ಫಾರ್ಮ್ ಅಂತ ಕೇಳಿಸ್ಕೊಳ್ಳದಿದ್ರೆ ಕೆಟ್ವಿ. ಹಾರ್ನ್ ಸ್ಪೀಕರ್‌ನಲ್ಲಿ ಬಾಸ್ ಅನ್ನೋದೇ ಇರಲ್ಲ, ಆದ್ರೂ ಗದ್ದಲದಲ್ಲಿ ಮಾತು ಅರ್ಥ ಆಗುತ್ತೆ. ಯಾಕಂದ್ರೆ ಮಾತಿನ ಸ್ಪಷ್ಟತೆ ಇರೋದು ಮಧ್ಯದ ಸ್ವರಗಳಲ್ಲಿ. ಹಳೇ ಲ್ಯಾಂಡ್‌ಲೈನ್ ಫೋನ್ ಸಾಗಿಸ್ತಿದ್ದಿದ್ದು 300ರಿಂದ 3,400 ಹರ್ಟ್ಸ್ ಅಷ್ಟೇ.

ಅಗ್ಗದ ಸ್ಪೀಕರ್‌ಗಳಲ್ಲಿ ಎಷ್ಟೋ ಬಾರಿ ಬಾಸ್ ಉಬ್ಬಿಸಿರ್ತಾರೆ, ಅಂಗಡೀಲಿ ಎರಡು ನಿಮಿಷ ಕೇಳೋಕೆ ಅದು ಚೆಂದ. ವಯಸ್ಸಾದವರಿಗೆ ಮೊದಲು ಮಂಕಾಗೋದು ಮೇಲಿನ ಸ್ವರಗಳು. 'ಸ', 'ಶ', 'ತ', 'ಕ' ಇವೆಲ್ಲ ಅಲ್ಲೇ ಇರೋದು. ಅದರ ಮೇಲೆ ಬಾಸ್ ಗುಡುಗಿದ್ರೆ ಕಾಲು, ಹಾಲು, ಸಾಲು ಎಲ್ಲ ಒಂದೇ.

ಅದಕ್ಕೇ ಅಂಗಡೀಲಿ ಹಾಡು ಹಾಕ್ಬೇಡಿ. ಫೋನ್‌ನಲ್ಲಿ ಕನ್ನಡ ವಾರ್ತೆ ಹಾಕಿ, ವಾಲ್ಯೂಮ್ ಕಮ್ಮಿ ಮಾಡಿ, ಹತ್ತು ಹೆಜ್ಜೆ ಹಿಂದೆ ನಿಂತು ಅಂಕಿ-ಸಂಖ್ಯೆ ಕೇಳಿಸ್ಕೊಳ್ಳಿ. ಆಮೇಲೆ ವಾಲ್ಯೂಮ್ ಮುಕ್ಕಾಲು ಭಾಗಕ್ಕೆ ಏರಿಸಿ, ಧ್ವನಿ ಒಡೀತಾ ನೋಡಿ.

ಮಾಡಿದ್ದು ಯಾರು, ರಿಪೇರಿ ಎಲ್ಲಿ?

ನಾನು ಬಿ.ಕಾಂ. ಓದಿದವನು, ಲೆಕ್ಕ ಬಿಡಲ್ಲ. ಆ ಸೌಂಡ್‌ಬಾರ್ 14 ತಿಂಗಳಿಗೆ ಸತ್ತೋಯ್ತು. ವಾರಂಟಿ ಇದ್ದಿದ್ದು 12 ತಿಂಗಳು. ರೈಲು ಹತ್ತಿ ಶಿವಮೊಗ್ಗಕ್ಕೆ ತಗೊಂಡು ಹೋದ್ರೆ "ಇದರ ಬೋರ್ಡ್ ಬರಲ್ಲ ಸಾರ್" ಅಂದ್ರು. 2,999ನ್ನ 14ರಿಂದ ಭಾಗಿಸಿ: ತಿಂಗಳಿಗೆ 214 ರೂಪಾಯಿ ಬಾಡಿಗೆ ಕಟ್ಟಿದ ಹಾಗಾಯ್ತು. 5,500ರ ಸ್ಪೀಕರ್ ಐದು ವರ್ಷ ಬಂದ್ರೆ ತಿಂಗಳಿಗೆ 92. ಅಗ್ಗ ಯಾವುದು?

ಬಾಕ್ಸ್‌ನಲ್ಲಿ 'ಮ್ಯಾನುಫ್ಯಾಕ್ಚರ್ಡ್ ಬೈ' ಮತ್ತು 'ಮಾರ್ಕೆಟೆಡ್ ಬೈ' ಎರಡೂ ಓದಿ. ಬೇರೆಯವರ ಹತ್ರ ಮಾಡಿಸಿ ತಮ್ಮ ಹೆಸರು ಹಾಕೋದು ಈ ವ್ಯಾಪಾರದಲ್ಲಿ ಮಾಮೂಲಿ, ಅದೇ ತಪ್ಪಲ್ಲ. ಬೋಟ್ ಬ್ರ್ಯಾಂಡ್ ನೋಡಿ (ನಮ್ಮನೆ ಸ್ಪೀಕರ್ ಇವರದ್ದಲ್ಲ). ಇದರ ಹಿಂದಿರೋ ಕಂಪನಿ ಇಮ್ಯಾಜಿನ್ ಮಾರ್ಕೆಟಿಂಗ್, ಹೆಸರಲ್ಲೇ ಮಾರ್ಕೆಟಿಂಗ್ ಇದೆ. ಇಲ್ಲೇ ತಯಾರಿಸೋಕೆ ಅಂತ 2022ರಲ್ಲಿ ಡಿಕ್ಸನ್ ಟೆಕ್ನಾಲಜೀಸ್ ಜೊತೆ ಸೇರಿ ಜಂಟಿ ಕಂಪನಿ ಮಾಡ್ಕೊಂಡ್ರು. ಅದೇ ವರ್ಷ ಜನವರಿಯಲ್ಲಿ 2,000 ಕೋಟಿ ರೂಪಾಯಿಯ ಐಪಿಒಗೆ ಸೆಬಿಗೆ ಕರಡು ಸಲ್ಲಿಸಿ, ಆ ಸಲ ಹಿಂದಕ್ಕೆ ತಗೊಂಡ್ರು.

ಇಂಥ ಕರಡು ಪತ್ರಗಳನ್ನ ಯಾರು ಬೇಕಾದ್ರೂ ಓದಬಹುದು. ಅದರಲ್ಲಿ 'ವಾರಂಟಿ ಪ್ರಾವಿಷನ್' ಅಂತ ಒಂದು ಸಾಲು ಹುಡುಕಿ. ಮಾರಿದ ಮಾಲಿನ ವಾರಂಟಿ ಖರ್ಚಿಗೆ ಅಂತ ಕಂಪನಿ ಎತ್ತಿಡೋ ದುಡ್ಡು ಅದು. ಮಾರಾಟ ಅಷ್ಟೇ ಇದ್ದು ಆ ಮೊತ್ತ ವರ್ಷದಿಂದ ವರ್ಷಕ್ಕೆ ಏರ್ತಿದ್ರೆ, ಯಾಕೆ ಅಂತ ಕೇಳ್ಬೇಕಾದ ಪ್ರಶ್ನೆ.

ಬಿಐಎಸ್ ಗುರುತಿನ ಜೊತೆ ಇರೋ 'ಆರ್' ನಂಬರನ್ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ವಾರಂಟಿ ಇದ್ದೂ ಕಂಪನಿ ಸ್ಪಂದಿಸ್ತಿಲ್ಲ ಅಂದ್ರೆ ಗ್ರಾಹಕರ ಸಹಾಯವಾಣಿ 1915. 2019ರ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಇರೋ ಊರಿಗೆ ಅಲೆಯೋ ಹಾಗಿಲ್ಲ.

ಕೊನೆಗೆ ಏನ್ ಮಾಡ್ದೆ?

ಮೊದಲು ಅಜ್ಜಿಯನ್ನ ಕಿವಿ ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಅದನ್ನ ಸ್ಪೀಕರ್ ತರೋಕೆ ಮುಂಚೆನೇ ಮಾಡ್ಬೇಕಿತ್ತು. ಆಮೇಲೆ ಒಂದು ಚಿಕ್ಕ ಸ್ಪೀಕರ್ ತಂದು ಬಾಸ್ ಪೂರ್ತಿ ಇಳಿಸಿ, ಉದ್ದ ವೈರ್ ಎಳೆದು, ಅಜ್ಜಿ ಕುರ್ಚಿ ಪಕ್ಕದ ಸ್ಟೂಲ್ ಮೇಲಿಟ್ಟೆ. ಬಯಲಲ್ಲಿ ದೂರ ಅರ್ಧ ಆದ್ರೆ 6 ಡೆಸಿಬಲ್ ಲಾಭ, ಅಂದ್ರೆ ನಾಲ್ಕು ಪಟ್ಟು ವ್ಯಾಟ್ ಕೊಟ್ಟ ಹಾಗೆ. ಗೋಡೆ ಇರೋ ರೂಮಲ್ಲಿ ಅಷ್ಟು ಸಿಗಲ್ಲ, ಆದ್ರೆ ಗೋಡೆಯ ಮಾರ್ದನಿ ಕಮ್ಮಿಯಾಗಿ ಮಾತು ಬಿಡಿಬಿಡಿಯಾಗಿ ಕೇಳುತ್ತೆ.

ಮೊನ್ನೆ ಧಾರಣೆ ಬರುವಾಗ ನಾನು ಫೋನ್ ನೋಡ್ತಾ ಕೂತಿದ್ದೆ. "ಎಷ್ಟಂತೆ ಅಜ್ಜಿ?" ಅಂದೆ. ಕ್ವಿಂಟಾಲ್ ರೇಟು ಪಟ್ ಅಂತ ಹೇಳಿದ್ರು, ಜೊತೆಗೆ "ನಿಂಗೆ ಕಿವಿ ಕೇಳ್ಸಲ್ವೇನೋ?" ಅಂತಲೂ ಬೈದ್ರು.

ಇವತ್ತಿಗೆ ಇಷ್ಟು. ನಿಮ್ಮನೆ ಸ್ಪೀಕರ್ ಅಡಾಪ್ಟರ್ ಮೇಲೆ ಎಷ್ಟಿದೆ, ಒಂದ್ಸಲ ಗುಣಿಸಿ ನೋಡಿ. ಸಿಗೋಣ.