ಇಂಗ್ಲಿಷ್ ಗದ್ಯವೂ ನಾಲ್ಕು ಉತ್ತರಗಳೂ

ಹರಿಹರ ತಾಲೂಕಿನ ಸಾರಥಿ ಗ್ರಾಮದಲ್ಲಿ ನಾವು ಒಂದು ಸಂಜೆಯನ್ನು ಕಳೆಯುವ ಸಂದರ್ಭ ಒದಗಿತ್ತು. ಮನೆಯ ಯಜಮಾನರು ಬೇಸಾಯಗಾರರು. ಅವರ ಮಗಳು ಎಂಟನೆಯ ತರಗತಿಯ ವಿದ್ಯಾರ್ಥಿನಿ. ಆ ಬಾಲಿಕೆಯು ಜಗುಲಿಯ ಮೇಲೆ ಕುಳಿತು ಇಂಗ್ಲಿಷಿನ ಒಂದು ಅಭ್ಯಾಸಪತ್ರಿಕೆಯನ್ನು ಬಿಡಿಸುತ್ತಿದ್ದಳು. ಮೇಲೆ ಹತ್ತು ಸಾಲಿನ ಗದ್ಯ. ಕೆಳಗೆ ಐದು ಪ್ರಶ್ನೆ. ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ. ಗದ್ಯವನ್ನು ಅವಳು ತಡೆಯಿಲ್ಲದೆ ಓದಿದಳು; ಕೇಳಿದ ಶಬ್ದಗಳಿಗೆಲ್ಲ ಅರ್ಥವನ್ನೂ ಹೇಳಿದಳು. ಆದರೂ ಐದರಲ್ಲಿ ಮೂರು ಉತ್ತರಗಳು ತಪ್ಪಾಗಿದ್ದುವು. ತಂದೆಯವರು ನಮ್ಮ ಕಡೆಗೆ ತಿರುಗಿ, “ನಮಗೆ ಇಂಗ್ಲಿಷು ಬರುವುದಿಲ್ಲ, ಸ್ವಾಮಿ. ಹುಡುಗಿಗೆ ನಾವೇನು ಹೇಳಿಕೊಟ್ಟೇವು?” ಎಂದರು.

ಈ ಪ್ರಶ್ನೆಯು ಅವರೊಬ್ಬರದೇ ಅಲ್ಲ. ನಮ್ಮ ನಾಡಿನ ಎಷ್ಟೋ ಮನೆಗಳದು. ಆದುದರಿಂದ ಇದಕ್ಕೆ ನಮಗೆ ತೋರಿದ ಉತ್ತರವನ್ನು ವಾಚಕರ ಮುಂದಿಡುತ್ತೇವೆ.

ಈ ವಿಧದ ಪರೀಕ್ಷೆಯು ಈಗ ಮಕ್ಕಳ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವುದು. ನಮ್ಮ ಜಿಲ್ಲೆಯ ಚನ್ನಗಿರಿ ತಾಲೂಕಿನ ದೇವರಹಳ್ಳಿಯಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. ಇಂತಹ ವಿದ್ಯಾಲಯಗಳ ಆರನೆಯ ತರಗತಿಗೆ ಸೇರಲು ಬರೆಯುವ ಪರೀಕ್ಷೆಯ ಭಾಷಾ ವಿಭಾಗವೆಂದರೆ ನಾಲ್ಕು ಗದ್ಯಗಳು, ಒಂದೊಂದಕ್ಕೆ ಐದು ಪ್ರಶ್ನೆಗಳು. ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ೨೦೨೧ರಲ್ಲಿ ಕೊರೋನಾ ಪಿಡುಗಿನ ಕಾರಣದಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯೇ ಆಯ್ಕೆಯ ರೂಪವನ್ನು ತಾಳಿತು. ಆ ವರ್ಷದ ಜುಲೈ ೨೨ರಂದು ಮೂರು ಭಾಷೆಗಳಿಗೆ ತಲಾ ೪೦ ಪ್ರಶ್ನೆಗಳಂತೆ ಮಕ್ಕಳು ಒಂದೇ ದಿನ ಉತ್ತರಿಸಿದರು. ಶಿಕ್ಷಕರಾಗಬೇಕೆನ್ನುವವರ ಅರ್ಹತಾ ಪರೀಕ್ಷೆ, ಬ್ಯಾಂಕಿನ ಹುದ್ದೆಗಳ ಪರೀಕ್ಷೆ, ಕಾನೂನು ವಿದ್ಯಾಲಯಗಳ ಪ್ರವೇಶ ಪರೀಕ್ಷೆ ಇವುಗಳಲ್ಲಿಯೂ ಇಂಗ್ಲಿಷ್ ಗದ್ಯವೂ ಅದರ ಬೆನ್ನಿಗೆ ಆಯ್ಕೆಯ ಉತ್ತರಗಳೂ ಇದ್ದೇ ಇರುವುವು. ಓದು ಬಂದ ಮಗುವೂ ಇಲ್ಲಿ ಎಡವಿದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗುವುದು.

ಈ ಪದ್ಧತಿಯು ಹುಟ್ಟಿದುದು ಅಮೆರಿಕದಲ್ಲಿ. ಕ್ಯಾನ್ಸಸ್ ಪ್ರಾಂತದ ಫ್ರೆಡರಿಕ್ ಕೆಲ್ಲಿ ಎಂಬ ಶಿಕ್ಷಣತಜ್ಞರು ೧೯೧೫ರ ಸುಮಾರಿಗೆ ಸಿದ್ಧಪಡಿಸಿದ ಮೌನವಾಚನ ಪರೀಕ್ಷೆಯನ್ನು ಇದರ ಮೊದಲ ಮಾದರಿಯೆಂದು ಹೇಳುವರು. ಒಂದೇ ಉತ್ತರಕ್ಕೆ ಒಬ್ಬ ಉಪಾಧ್ಯಾಯರು ಹೆಚ್ಚು ಅಂಕವನ್ನೂ ಇನ್ನೊಬ್ಬರು ಕಡಿಮೆ ಅಂಕವನ್ನೂ ಕೊಡುವ ತಾರತಮ್ಯವು ತಪ್ಪಲಿ, ತಿದ್ದುವ ಕೆಲಸವು ಬೇಗನೆ ಮುಗಿಯಲಿ ಎಂಬುದು ಅವರ ಉದ್ದೇಶ. ಎರಡು ವರ್ಷಗಳ ತರುವಾಯ, ೧೯೧೭ರಲ್ಲಿ, ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳಿಗೆ ಒಂದು ಊರಿನ ಶಾಲಾ ಹಾಜರಿಯ ನಿಯಮವನ್ನು ಓದಲು ಕೊಟ್ಟು, ಅವರು ಕೊಟ್ಟ ತಪ್ಪು ಉತ್ತರಗಳನ್ನು ಪರಿಶೀಲಿಸಿದರು. ಮಕ್ಕಳು ಯಾವುದೋ ಒಂದು ಶಬ್ದಕ್ಕೆ ಮಿತಿಮೀರಿದ ತೂಕವನ್ನು ಕೊಟ್ಟು, ಮಿಕ್ಕ ಶಬ್ದಗಳನ್ನು ಹಗುರವಾಗಿ ಕಂಡುದೇ ಎಷ್ಟೋ ತಪ್ಪುಗಳಿಗೆ ಕಾರಣವೆಂದು ಅವರಿಗೆ ತಿಳಿದುಬಂದಿತು. ಓದುವುದೆಂದರೆ ಬರಿಯ ಉಚ್ಚಾರವಲ್ಲ. ಲೆಕ್ಕವನ್ನು ಬಿಡಿಸುವಂತೆ ಅದೂ ಒಂದು ವಿಚಾರಕಾರ್ಯ ಎಂಬುದು ಅವರ ಸಿದ್ಧಾಂತ. ನೂರು ವರ್ಷಗಳು ಕಳೆದರೂ ಆ ಮಾತಿನ ಬೆಲೆಯು ಕುಂದಿಲ್ಲ.

ಈ ತಪ್ಪುಗಳು ಹೇಗೆ ಹುಟ್ಟುವುವು ಎಂಬುದನ್ನು ನಮ್ಮ ಊರಿನದೇ ಒಂದು ಉದಾಹರಣೆಯಿಂದ ನೋಡೋಣ. ಇಂಗ್ಲಿಷ್ ಗದ್ಯವೊಂದರ ತಾತ್ಪರ್ಯವು ಹೀಗಿದೆಯೆಂದು ಭಾವಿಸಿರಿ: “ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಅರಸು ಇಮ್ಮಡಿ ನರಸಿಂಹನ ಮಂತ್ರಿ ಪೋಲಾಳ್ವನು ೧೨೨೪ರ ಸುಮಾರಿನಲ್ಲಿ ಕಟ್ಟಿಸಿದನು. ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು ೧೨೬೮ರಲ್ಲಿ ಅದಕ್ಕೆ ಕೆಲವು ಭಾಗಗಳನ್ನು ಸೇರಿಸಿದನು. ಗರ್ಭಗುಡಿಯ ವಿಗ್ರಹವು ಬಲಗಡೆ ಶಿವನಾಗಿಯೂ ಎಡಗಡೆ ವಿಷ್ಣುವಾಗಿಯೂ ಇದೆ.” ಪ್ರಶ್ನೆಯು, “ಗದ್ಯದ ಪ್ರಕಾರ ಇವುಗಳಲ್ಲಿ ಯಾವುದು ಸರಿ?” ಎಂದು. ಉತ್ತರಗಳು ನಾಲ್ಕು:

ಒಂದು, ಹರಿಹರವು ತುಂಗಭದ್ರೆಯ ದಡದಲ್ಲಿದೆ.

ಎರಡು, ದೇವಾಲಯವನ್ನು ೧೨೬೮ರಲ್ಲಿ ಸೋಮನು ಕಟ್ಟಿಸಿದನು.

ಮೂರು, ದೇವಾಲಯದ ಎಲ್ಲ ಭಾಗಗಳೂ ಇಮ್ಮಡಿ ನರಸಿಂಹನ ಕಾಲದವು.

ನಾಲ್ಕು, ಇಬ್ಬರು ಅರಸರ ಕಾಲದಲ್ಲಿ ಈ ದೇವಾಲಯದ ಕೆಲಸವು ನಡೆಯಿತು.

ಸಾರಥಿಯ ಬಾಲಿಕೆಗೆ ನಾವು ಇದನ್ನೇ ಕೊಟ್ಟೆವು. ಅವಳು ಕ್ಷಣಮಾತ್ರವೂ ತಡಮಾಡದೆ ಮೊದಲನೆಯದಕ್ಕೆ ಗುರುತುಮಾಡಿದಳು. ಅದು ಸುಳ್ಳಲ್ಲ, ಹೊಳೆಯನ್ನು ಅವಳು ಕಣ್ಣಾರೆ ಕಂಡವಳು. ಆದರೆ ಗದ್ಯದಲ್ಲಿ ಹೊಳೆಯ ಮಾತೇ ಇಲ್ಲ. ದೂರದ ಊರಿನ ಮಗುವಾಗಿದ್ದರೆ ಬಹುಶಃ ಗದ್ಯವನ್ನು ಇನ್ನೊಮ್ಮೆ ನೋಡುತ್ತಿತ್ತು. ತಿಳಿದ ವಿಷಯವು ಬಂದಾಗಲೇ ನಾವು ಹೆಚ್ಚು ಎಚ್ಚರದಿಂದಿರಬೇಕು. ಏಕೆಂದರೆ ಅಲ್ಲಿ ನಮ್ಮ ನೆನಪು ಗದ್ಯದ ಸ್ಥಾನದಲ್ಲಿ ಬಂದು ಕುಳಿತುಬಿಡುವುದು.

ಎರಡನೆಯ ಉತ್ತರದ ಒಂದೊಂದು ಮಾತೂ ಗದ್ಯದಲ್ಲಿದೆ: ದೇವಾಲಯ, ೧೨೬೮, ಸೋಮ, ಕಟ್ಟಿಸಿದನು. ಆದರೆ ಅವುಗಳ ಸಂಬಂಧವನ್ನು ಅದಲುಬದಲು ಮಾಡಲಾಗಿದೆ. ಕಂಡ ಶಬ್ದವನ್ನೇ ಹುಡುಕುವ ಕಣ್ಣು ಇಲ್ಲಿ ಬಲೆಗೆ ಬೀಳುವುದು. ಮೂರನೆಯದರಲ್ಲಿ ‘ಎಲ್ಲ’ ಎಂಬ ಒಂದೇ ಶಬ್ದವು ಉತ್ತರವನ್ನು ಕೆಡಿಸಿದೆ. ಇಂಗ್ಲಿಷಿನಲ್ಲಿ ‘ಆಲ್’, ‘ಆಲ್ವೇಸ್’, ‘ನೆವರ್’, ‘ಓನ್ಲಿ’ ಎಂಬ ಶಬ್ದಗಳನ್ನು ಕಂಡಾಗ ಗದ್ಯವು ಅಷ್ಟು ದೂರ ಹೋಗಿದೆಯೇ ಎಂದು ನೋಡಬೇಕು. ಹೋಗಿದ್ದರೆ ಆ ಉತ್ತರವು ಸರಿಯಿರಲೂಬಹುದು. ನಾಲ್ಕನೆಯ ಉತ್ತರದಲ್ಲಿರುವ ‘ಇಬ್ಬರು ಅರಸರು’ ಎಂಬ ಮಾತು ಗದ್ಯದಲ್ಲಿ ಎಲ್ಲಿಯೂ ಇಲ್ಲ. ಆದರೆ ಅದರ ಅರ್ಥವಿದೆ. ಮೊದಲನೆಯ ವಾಕ್ಯದಲ್ಲಿ ಒಬ್ಬ ಅರಸು, ಎರಡನೆಯದರಲ್ಲಿ ಇನ್ನೊಬ್ಬ. ಸರಿಯಾದ ಉತ್ತರವು ಅನೇಕವೇಳೆ ಹೀಗೆ ಬೇರೆ ಉಡುಪನ್ನು ತೊಟ್ಟು ಬರುವುದು.

ಹೀಗಿರುವಾಗ ಮಗುವು ಅನುಸರಿಸತಕ್ಕ ಕ್ರಮವು ಏನು? ಮೊದಲು ಪ್ರಶ್ನೆಗಳನ್ನು ಮಾತ್ರ ಒಮ್ಮೆ ನೋಡಿಕೊಂಡು, ಉತ್ತರಗಳನ್ನು ನೋಡದೆ, ಗದ್ಯವನ್ನು ಆದ್ಯಂತವಾಗಿ ಓದಬೇಕು. ತಿಳಿಯದ ಒಂದು ಶಬ್ದವು ಬಂದರೆ ಅಲ್ಲಿಯೇ ನಿಂತುಬಿಡಬಾರದು; ಮುಂದಿನ ವಾಕ್ಯವು ಅದರ ಮೇಲೆ ಬೆಳಕು ಚೆಲ್ಲುವುದುಂಟು. ಅನಂತರ ಒಂದೊಂದು ಪ್ರಶ್ನೆಯನ್ನು ಓದಿ, ನಾಲ್ಕು ಉತ್ತರಗಳನ್ನೂ ಅಂಗೈಯಿಂದ ಮುಚ್ಚಿ, ತನ್ನ ಉತ್ತರವನ್ನು ಮನಸ್ಸಿನಲ್ಲಿಯೇ ಹೇಳಿಕೊಳ್ಳಬೇಕು. ಆಮೇಲೆ ಕೈ ತೆಗೆದು, ಅದಕ್ಕೆ ಸಮೀಪವಾದುದನ್ನು ಹುಡುಕಬೇಕು. ಎರಡು ಉತ್ತರಗಳು ಸರಿಯೆಂದು ತೋರಿದರೆ, ಯಾವುದು ಚೆನ್ನಾಗಿದೆ ಎಂದು ಯೋಚಿಸುವುದಕ್ಕಿಂತ ಯಾವುದರಲ್ಲಿ ಗದ್ಯಕ್ಕೆ ವಿರುದ್ಧವಾದ ಒಂದು ಶಬ್ದವಿದೆ ಎಂದು ನೋಡುವುದು ಲೇಸು.

ಪ್ರಶ್ನೆಯಲ್ಲಿ ‘ನಾಟ್’ ಅಥವಾ ‘ಎಕ್ಸೆಪ್ಟ್’ ಇದ್ದರೆ ಅದರ ಕೆಳಗೆ ಗೆರೆಯೆಳೆಯಲಿ. ಅಲ್ಲಿ ಕೇಳುವುದು ಗದ್ಯಕ್ಕೆ ಹೊಂದದ ಉತ್ತರವನ್ನು. ತಲೆಬರಹವನ್ನು ಕೇಳಿದರೆ ಅಂಗಿಯ ಅಳತೆಯನ್ನು ನೆನೆಯಲಿ. ಮೇಲಣ ಗದ್ಯಕ್ಕೆ ‘ಹೊಯ್ಸಳರ ಇತಿಹಾಸ’ ಎಂಬುದು ತೀರ ದೊಗಲೆ, ‘ದಂಡನಾಯಕ ಸೋಮ’ ಎಂಬುದು ತೀರ ಬಿಗಿ, ‘ಹರಿಹರೇಶ್ವರ ದೇವಾಲಯ’ ಎಂಬುದು ಮೈಗೆ ಸರಿಯಾಗಿ ಕೂಡುವುದು. ಶಬ್ದದ ಅರ್ಥವನ್ನು ಕೇಳಿದರೆ, ಗೊತ್ತಿದ್ದ ಅರ್ಥವನ್ನು ಕೂಡಲೇ ಬರೆಯದೆ ವಾಕ್ಯದಲ್ಲಿಟ್ಟು ನೋಡಲಿ. ‘ಕರೆಂಟ್’ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ವಿದ್ಯುತ್ತು. ಆದರೆ ಅಂಬಿಗನು ಕರೆಂಟಿಗೆ ಎದುರಾಗಿ ಹುಟ್ಟುಹಾಕಿದನೆಂದು ಗದ್ಯದಲ್ಲಿದ್ದರೆ ಅದು ಹೊಳೆಯ ಸೆಳೆತವೇ ಸರಿ.

ಲೆಕ್ಕದ ಮಾತೂ ಒಂದಿದೆ. ನವೋದಯ ಪರೀಕ್ಷೆಯಲ್ಲಿಯೂ ನಮ್ಮ ರಾಜ್ಯದ ಶಿಕ್ಷಕ ಅರ್ಹತಾ ಪರೀಕ್ಷೆಯಲ್ಲಿಯೂ ತಪ್ಪಿಗೆ ದಂಡವಿಲ್ಲ. ಅಂತಹ ಕಡೆ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಬ್ಯಾಂಕಿನ ಪರೀಕ್ಷೆಗಳಲ್ಲಿ ತಪ್ಪಿಗೆ ಪ್ರಶ್ನೆಯ ಅಂಕದ ಕಾಲುಭಾಗವನ್ನು ಕಳೆಯುವರು. ಹೀಗೆ ಕಾಲುಭಾಗವನ್ನು ಕಳೆಯುವ ಕಡೆ, ನಾಲ್ಕು ಉತ್ತರಗಳುಳ್ಳ, ತಲಾ ಒಂದು ಅಂಕದ ೧೬ ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತುಮಾಡಿದರೆ ಸರಾಸರಿಯಲ್ಲಿ ೪ ಸರಿಯಾಗಿ, ೧೨ ತಪ್ಪಾಗಿ, ೩ ಅಂಕ ಹೋಗಿ ಉಳಿಯುವುದು ೧. ಮೂರನೆಯ ಒಂದು ಭಾಗವನ್ನು ಕಳೆಯುವ ಕಡೆ ಆ ಒಂದೂ ಉಳಿಯದು. ಆದರೆ ನಾಲ್ಕರಲ್ಲಿ ಎರಡನ್ನು ಕಾರಣಸಹಿತವಾಗಿ ತಳ್ಳಿಹಾಕಬಲ್ಲವನಿಗೆ ಅಲ್ಲಿಯೂ ಲಾಭವುಂಟು: ೧೨ ಪ್ರಶ್ನೆಗಳಲ್ಲಿ ೬ ಸರಿ, ೬ ತಪ್ಪು, ೨ ಅಂಕ ಹೋದರೂ ೪ ಉಳಿಯುವುವು. ಊಹೆಗೂ ವಿಚಾರಕ್ಕೂ ಇರುವ ಅಂತರವು ಇಷ್ಟು.

‘ಮೊದಲು ಹೊಳೆದುದೇ ಸರಿ, ತಿದ್ದಬೇಡ’ ಎಂದು ಹಿರಿಯರು ಹೇಳುವುದುಂಟು. ಆದರೆ ೧೯೨೦ರ ದಶಕದಿಂದ ಅಮೆರಿಕದಲ್ಲಿ ನಡೆದ ಪರಿಶೋಧನೆಗಳು ಮತ್ತೆ ಮತ್ತೆ ಕಂಡುಕೊಂಡುದು ಬೇರೆ. ತಿದ್ದಿದ ಉತ್ತರಗಳಲ್ಲಿ ಸರಿಯಿಂದ ತಪ್ಪಾದುವುಗಳಿಗಿಂತ ತಪ್ಪಿನಿಂದ ಸರಿಯಾದುವುಗಳೇ ಹೆಚ್ಚು. ಕಾರಣವು ಸಿಕ್ಕರೆ ತಿದ್ದಬೇಕು. ಬರಿಯ ಅಂಜಿಕೆಯಿಂದ ತಿದ್ದಬಾರದು. ಶಾಯಿಯಿಂದ ವೃತ್ತವನ್ನು ತುಂಬುವ ಉತ್ತರಪತ್ರಿಕೆಯಲ್ಲಿ ತಿದ್ದಲು ಅವಕಾಶವಿಲ್ಲದಿರುವುದರಿಂದ, ಅಲ್ಲಿ ಪ್ರಶ್ನೆಪತ್ರಿಕೆಯ ಮೇಲೆ ಮೊದಲು ಗುರುತುಮಾಡಿ, ಒಂದು ಗದ್ಯವು ಮುಗಿದ ಮೇಲೆ ವೃತ್ತಗಳನ್ನು ತುಂಬುವುದು ಕ್ಷೇಮ. ಒಂದು ಪ್ರಶ್ನೆಯನ್ನು ಬಿಟ್ಟಾಗ ಅದರ ವೃತ್ತದ ಸಾಲನ್ನೂ ಬಿಡಲು ಮರೆತರೆ, ಮುಂದಿನ ಸರಿಯುತ್ತರಗಳೆಲ್ಲ ತಪ್ಪು ಸಾಲಿನಲ್ಲಿ ಬಿದ್ದಾವು.

ಈ ಪರೀಕ್ಷೆಯು ಎಲ್ಲರಿಗೂ ಸಮವಾದ ನೆಲವೆಂದು ನಾವು ಹೇಳಲಾರೆವು. ಕೇಂದ್ರ ಲೋಕಸೇವಾ ಆಯೋಗದ ಪ್ರಾಥಮಿಕ ಪರೀಕ್ಷೆಯಲ್ಲಿ ೨೦೧೧ರಿಂದ ಇಂಗ್ಲಿಷ್ ಗದ್ಯದ ಪ್ರಶ್ನೆಗಳು ಬಂದಾಗ, ದೇಶಭಾಷೆಗಳಲ್ಲಿ ಓದಿದವರಿಗೆ ಅನ್ಯಾಯವಾಯಿತೆಂದು ೨೦೧೪ರಲ್ಲಿ ದೊಡ್ಡ ಚಳವಳಿಯೇ ನಡೆಯಿತು. ೨೦೧೫ರಿಂದ ಆ ಪತ್ರಿಕೆಯಲ್ಲಿ ಶೇಕಡ ೩೩ ಅಂಕ ಬಂದರೆ ಸಾಕೆಂದು ನಿಯಮವಾಯಿತು. ದೊಡ್ಡವರ ಪರೀಕ್ಷೆಯಲ್ಲಿಯೇ ಹೀಗಿರುವಾಗ ಹಳ್ಳಿಯ ಮಗುವಿಗೆ ಮನೆಯ ನೆರವು ಎಷ್ಟು ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆ ನೆರವಿಗೆ ಇಂಗ್ಲಿಷು ಬೇಕಾಗಿಲ್ಲವೆಂಬುದೇ ನಮ್ಮ ಮುಖ್ಯವಾದ ಮಾತು. ದಿನವೂ ಕಾಲುಗಂಟೆ ಸಾಕು. ಮಗುವು ಇಂಗ್ಲಿಷ್ ಗದ್ಯವನ್ನು ಓದಿ, ಪುಸ್ತಕವನ್ನು ಮುಚ್ಚಿ, ತಾತ್ಪರ್ಯವನ್ನು ಕನ್ನಡದಲ್ಲಿ ತಾಯಿಗೋ ಅಜ್ಜಿಗೋ ಹೇಳಲಿ. ಕೇಳುವವರಿಗೆ ಮಾತು ತೊಡಕಾಗಿ ತೋರಿದ ಕಡೆಯಲ್ಲಿಯೇ ಮಗುವಿಗೂ ಅರ್ಥವಾಗಿಲ್ಲವೆಂದು ತಿಳಿಯಬಹುದು. ಅನಂತರ ಮಗುವು ಒಂದೊಂದು ಉತ್ತರವನ್ನು ಹೇಳಿದಾಗಲೂ ಹಿರಿಯರು ಒಂದೇ ಪ್ರಶ್ನೆಯನ್ನು ಕೇಳಲಿ: “ಎಲ್ಲಿದೆ? ಬೆರಳಿಟ್ಟು ತೋರಿಸು.” ಬೆರಳು ಒಂದು ಸಾಲಿನ ಮೇಲೆ ನಿಂತರೆ ಉತ್ತರಕ್ಕೆ ಆಧಾರವುಂಟು. ಬೆರಳು ಕಾಗದದ ಮೇಲೆ ಅಲೆಯುತ್ತಿದ್ದರೆ ಆ ಉತ್ತರವು ಗದ್ಯದ್ದಲ್ಲ, ತಲೆಯೊಳಗಿನದು. ದಿನಪತ್ರಿಕೆಯ ಕನ್ನಡ ಸುದ್ದಿಯೊಂದನ್ನು ಓದಿಸಿಯೂ ಇದೇ ಅಭ್ಯಾಸವನ್ನು ಮಾಡಿಸಬಹುದು. ಕನ್ನಡದಲ್ಲಿ ಕೂಡಿಬಂದ ಈ ಎಚ್ಚರವು ಇಂಗ್ಲಿಷನ್ನು ಓದುವಾಗಲೂ ಜೊತೆಗೆ ಬರುವುದು.

ಆ ಸಂಜೆ ನಾವು ಇದನ್ನು ಹೇಳಿದಾಗ ತಂದೆಯವರು ಸ್ವಲ್ಪ ಸಂಕೋಚದಿಂದಲೇ ಮಗಳ ಪಕ್ಕದಲ್ಲಿ ಕುಳಿತರು. ಅವಳು ತಪ್ಪಿದ್ದ ಪ್ರಶ್ನೆಯೊಂದಕ್ಕೆ ಮೊದಲಿನ ಉತ್ತರವನ್ನೇ ಹೇಳಿದಳು. “ಎಲ್ಲಿದೆಯವ್ವಾ, ತೋರಿಸು” ಎಂದರು. ಅವಳ ಬೆರಳು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಸರಿದು, ಎಲ್ಲಿಯೂ ನಿಲ್ಲದೆ ಹೋಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದರಲ್ಲಿ ಇಲ್ಲ, ಅಪ್ಪಾಜಿ” ಎಂದು ತಾನೇ ನಕ್ಕು, ಗದ್ಯವನ್ನು ಮೊದಲಿನಿಂದ ಓದತೊಡಗಿದಳು. ತಂದೆಯವರಿಗೆ ಆ ಸಾಲುಗಳಲ್ಲಿ ಒಂದಕ್ಷರವೂ ತಿಳಿಯದು. ಆದರೂ ಅವರು ಕಾಗದದ ಮೇಲಣ ಬೆರಳನ್ನೇ ನೋಡುತ್ತ ಕುಳಿತಿದ್ದರು.