ಆಸ್ಪತ್ರೆಯ ತ್ಯಾಜ್ಯ: ಲೆಕ್ಕಪುಸ್ತಕದಲ್ಲಿ ಕಾಣದ ಹೊಣೆ

ಕೆಲವು ವರ್ಷಗಳ ಹಿಂದೆ ನರ್ಸಿಂಗ್ ಹೋಮ್ ಒಂದರ ಲೆಕ್ಕಪರಿಶೋಧನೆಯ ಸಂದರ್ಭದಲ್ಲಿ ತ್ಯಾಜ್ಯ ವಿಲೇವಾರಿಯ ಬಿಲ್ಲುಗಳನ್ನು ಪರಿಶೀಲಿಸಿದೆ. ಎಲ್ಲವೂ ಕ್ರಮಬದ್ಧವಾಗಿದ್ದವು. ಅಪಘಾತಗಳ ದಾಖಲೆ ಪುಸ್ತಕ ಮಾತ್ರ ಖಾಲಿಯಿತ್ತು. ಆದರೆ ಕಸದ ಚೀಲ ಎತ್ತುವ ಮಹಿಳೆಯ ಬೆರಳಿಗೆ ಪಟ್ಟಿ ಕಟ್ಟಿತ್ತು. ವಿಚಾರಿಸಲಾಗಿ, ಚೀಲದೊಳಗಿನ ಸೂಜಿ ಚುಚ್ಚಿತೆಂದೂ, ಹೇಳಿದರೆ ಕೆಲಸ ಹೋದೀತೆಂಬ ಭಯದಿಂದ ಸುಮ್ಮನಿದ್ದುದಾಗಿಯೂ ಆಕೆ ತಿಳಿಸಿದರು.

ಜೈವಿಕ ವೈದ್ಯಕೀಯ ತ್ಯಾಜ್ಯದ ಬಗ್ಗೆ ನಮ್ಮ ದೇಶದಲ್ಲಿ 1998ರಲ್ಲಿ ರೂಪುಗೊಂಡ ನಿಯಮಗಳ ಸ್ಥಾನದಲ್ಲಿ 2016ರ ನಿಯಮಗಳು ಜಾರಿಗೆ ಬಂದಿವೆ. ತ್ಯಾಜ್ಯವನ್ನು ಅದು ಉತ್ಪತ್ತಿಯಾದ ಸ್ಥಳದಲ್ಲಿಯೇ ಬೇರ್ಪಡಿಸುವುದು ಇವುಗಳ ಜೀವಾಳ. ಅಂಗಾಂಶ, ರಕ್ತಸಿಕ್ತ ಹತ್ತಿ, ಅವಧಿ ಮೀರಿದ ಔಷಧಿಗಳು ಹಳದಿ ಚೀಲಕ್ಕೆ. ಪ್ಲಾಸ್ಟಿಕ್ ನಳಿಕೆ, ಸೂಜಿರಹಿತ ಸಿರಿಂಜ್, ಕೈಗವಸುಗಳು ಕೆಂಪು ಚೀಲಕ್ಕೆ. ಸೂಜಿ, ಬ್ಲೇಡುಗಳು ಚುಚ್ಚಿಹೋಗದ ಬಿಳಿ ಡಬ್ಬಿಗೆ. ಗಾಜಿನ ಸಾಮಾನು ನೀಲಿ ಗುರುತಿನ ಪೆಟ್ಟಿಗೆಗೆ ಸೇರಬೇಕು. ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ, ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಹಾಗೂ ತರಬೇತಿ ಕೊಡಿಸುವುದು ಆಡಳಿತದ ಕರ್ತವ್ಯ. ವಾರ್ಷಿಕ ವರದಿಯನ್ನು ಜೂನ್ 30ರೊಳಗೆ ಸಲ್ಲಿಸಿ, ದಾಖಲೆಗಳನ್ನು 5 ವರ್ಷ ಕಾಪಾಡಬೇಕು.

ಇದು ವೈದ್ಯರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ವರ್ತಕರು ಭಾವಿಸುವಂತಿಲ್ಲ. ಕೆಂಪು ಚೀಲದ ಪ್ಲಾಸ್ಟಿಕ್ ಸಾಮೂಹಿಕ ಸಂಸ್ಕರಣಾ ಘಟಕದಲ್ಲಿ ಸೋಂಕುಮುಕ್ತವಾಗಿ, ಚೂರುಚೂರಾದ ಬಳಿಕವೇ ಮರುಬಳಕೆದಾರರನ್ನು ತಲುಪಬೇಕು. ಇಡೀ ಸಿರಿಂಜ್ ಗುಜರಿಗೆ ಬಂದರೆ ಸರಪಳಿ ಎಲ್ಲಿಯೋ ತುಂಡಾಗಿದೆಯೆಂದೇ ಅರ್ಥ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹರಡಿ ಅನೇಕರು ಸತ್ತಾಗ, ಬಳಸಿದ ಸಿರಿಂಜುಗಳ ಮರುಬಳಕೆ ದೇಶದ ಗಮನಕ್ಕೆ ಬಂದಿತು. ಆದ್ದರಿಂದ ಪ್ಲಾಸ್ಟಿಕ್ ಉದ್ಯಮಿಗಳು ಇಂತಹ ಕಚ್ಚಾ ಸಾಮಗ್ರಿಯನ್ನು ಅಧಿಕೃತ ಘಟಕದಿಂದ ಬಿಲ್ಲು ಸಹಿತವಾಗಿಯೇ ಖರೀದಿಸುವುದು ಕ್ಷೇಮ. ನಮ್ಮ ಸಂಘಸಂಸ್ಥೆಗಳು ನಡೆಸುವ ರಕ್ತದಾನ ಶಿಬಿರಗಳಿಗೂ ಈ ನಿಯಮಗಳು ಅನ್ವಯಿಸುತ್ತವೆ. ಅಂದಿನ ತ್ಯಾಜ್ಯವನ್ನು ಯಾರು ಒಯ್ಯುವರೆಂಬುದನ್ನು ಮೊದಲೇ ಬರವಣಿಗೆಯಲ್ಲಿ ನಿಶ್ಚಯಿಸಿಕೊಳ್ಳಬೇಕು.

ಪರಿಸರ ಸಂರಕ್ಷಣಾ ಕಾಯಿದೆಯ ತಿದ್ದುಪಡಿಯಂತೆ 2024ರ ಏಪ್ರಿಲ್ 1ರಿಂದ ಉಲ್ಲಂಘನೆಗೆ 10 ಸಾವಿರದಿಂದ 15 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ಸೂಜಿ ಕತ್ತರಿಸುವ ಯಂತ್ರ, ದಪ್ಪ ಕೈಗವಸು, ಲಸಿಕೆಗಳ ವೆಚ್ಚವನ್ನು ಇದರೊಡನೆ ಹೋಲಿಸಿದರೆ ಲಾಭನಷ್ಟ ತಾನಾಗಿಯೇ ತಿಳಿಯುತ್ತದೆ.

ಮೇಲೆ ಹೇಳಿದ ನರ್ಸಿಂಗ್ ಹೋಮಿನ ಆಡಳಿತಕ್ಕೆ ವಿಷಯ ಮುಟ್ಟಿಸಿದೆ. ಆ ಮಹಿಳೆಗೆ ರಕ್ತಪರೀಕ್ಷೆ, ಎಲ್ಲರಿಗೂ ಲಸಿಕೆ ದೊರೆಯಿತು. ಗಾಯವನ್ನು ತಿಳಿಸಿದವರ ಮೇಲೆ ಕ್ರಮವಿಲ್ಲವೆಂಬ ಲಿಖಿತ ಭರವಸೆಯೂ ಬಂದಿತು. ಮರುವರ್ಷ ಅಪಘಾತಗಳ ಪುಸ್ತಕದಲ್ಲಿ ಮೂರು ನಮೂದುಗಳಿದ್ದವು. ಖಾಲಿ ಪುಟಕ್ಕಿಂತ ಆ ಮೂರು ಸಾಲುಗಳೇ ನನಗೆ ಹೆಚ್ಚು ಸಮಾಧಾನ ತಂದವು.